ಹೇಳದೆ ಒಂದೂ ಮಾಡಲ್ಲ: ಚಿತ್ರದ ಕಾರ್ಡ್, ವಿಡಿಯೋ ಬಳಸಿದವರು ಅನುಭವ ಹೇಳಿ

ಮುಳ್ಳೇರಿಯದ ಅಮ್ಮ: ಮಗಳಿಗೆ 11 ವರ್ಷ, ಡೌನ್ ಸಿಂಡ್ರೋಮ್. ಹಲ್ಲುಜ್ಜುವುದು, ಸ್ನಾನ, ಬಟ್ಟೆ ಎಲ್ಲ ಬರುತ್ತದೆ. ಆದರೆ ಪ್ರತಿ ಹೆಜ್ಜೆಗೂ ನಾನು ಹೇಳಬೇಕು. ಕಾರ್ಡ್ ಮಾಡಲಾ, ಮೊಬೈಲಲ್ಲಿ ವಿಡಿಯೋ ತೋರಿಸಲಾ?

ಬದಿಯಡ್ಕದ ಅಪ್ಪ: ಕಾರ್ಡೇ ಮಾಡಿ, ಆದರೆ ರೆಡಿಮೇಡ್ ಬೇಡ. ನಾನು 1,850 ರೂಪಾಯಿ ಕೊಟ್ಟು ಆನ್‌ಲೈನಲ್ಲಿ ತರಿಸಿದೆ. ಚಿತ್ರದಲ್ಲಿದ್ದದ್ದು ಶವರ್. ನಮ್ಮ ಬಚ್ಚಲಲ್ಲಿರುವುದು ಹಂಡೆ, ಚೆಂಬು. ಮಗ ಕಾರ್ಡ್ ಹಿಡಿದುಕೊಂಡು ಗೋಡೆ ಮೇಲೆ ಶವರ್ ಹುಡುಕುತ್ತಾ ನಿಂತ. ಆಮೇಲೆ ನಮ್ಮದೇ ಚೆಂಬು, ನಮ್ಮದೇ ಸೋಪಿನ ಫೋಟೋ ತೆಗೆದೆ. 34 ಫೋಟೋ, ಲ್ಯಾಮಿನೇಶನ್ನಿಗೆ ತಲಾ 20, ಒಟ್ಟು 680. ಆಟಿ ತಿಂಗಳ ಮಳೆಗೆ ಅಂಚಲ್ಲಿ ನೀರು ಹೊಕ್ಕು ಎಲ್ಲದಕ್ಕೂ ಬೂಸ್ಟು. ಪುನಃ 680. ಅದೂ ಹೋಯಿತು. ಕೊನೆಗೆ ಫ್ಲೆಕ್ಸ್ ಅಂಗಡಿಯಲ್ಲಿ ಒಂದೇ ಬೋರ್ಡ್ ಮಾಡಿಸಿದೆ, 350. ಎರಡು ವರ್ಷದಿಂದ ಗಟ್ಟಿ ಇದೆ. ಈಗ ಬೋರ್ಡ್ ನೋಡದೆಯೇ ಸ್ನಾನ ಮುಗಿಸುತ್ತಾನೆ. ಬೆನ್ನಿನ ನೊರೆ ಮಾತ್ರ ಹಾಗೇ ಉಳಿಯುತ್ತದೆ.

ಕುಂಬಳೆಯ ಅಕ್ಕ: ಬೋರ್ಡ್ ನೇತುಹಾಕಿದರೆ ಕಲಿಯುತ್ತಾರೆ ಅಂತ ಹೇಳಬೇಡಿ. ನಾವು ಏಳು ತಿಂಗಳು ಥೆರಪಿಗೆ ಮಂಗಳೂರಿಗೆ ಹೋಗಿದ್ದೇವೆ. ಒಂದು ಸಲಕ್ಕೆ 700, ಬಸ್ಸಿಂದು ಬೇರೆ. ಅವತ್ತು ಬೀಡಿ ಕಟ್ಟುವ ಕೂಲಿಯೂ ಹೋಯಿತು. ಅಲ್ಲಿ ಹೇಳಿಕೊಟ್ಟದ್ದು ಬಾಯಿ ಮುಚ್ಚಿ, ಹಿಂದೆ ನಿಂತು, ಕೈ ಹಿಡಿದು ಮಾಡಿಸುವುದು. ಅದೂ ಕೊನೆಯಿಂದ. ಬ್ರಷ್ ತೊಳೆದು ಲೋಟಕ್ಕೆ ಹಾಕುವುದೊಂದನ್ನು ಮಗಳು ತಾನೇ ಮಾಡಬೇಕು, ಮುಂಚಿನದ್ದೆಲ್ಲ ನಾನು ಮಾಡಿಸಬೇಕು. ಅದಕ್ಕೇ ಒಂಬತ್ತು ದಿನ. ಹಿಡಿತ ಅಂಗೈಯಿಂದ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ ಬಂತು. ಅಷ್ಟರಲ್ಲಿ ನನ್ನ ತಮ್ಮನ ಮದುವೆ. ಹತ್ತು ದಿನ ನೆಂಟರೆಲ್ಲ ಪಾಪ ಅಂತ ಅವರೇ ಉಜ್ಜಿಕೊಟ್ಟರು. ಮನೆಗೆ ಬಂದರೆ ಬಾಯಿ ತೆರೆದು ನಿಂತುಬಿಡುತ್ತಾಳೆ! ಮತ್ತೆ ಮೊದಲಿಂದ.

ಬದಿಯಡ್ಕದ ಅಪ್ಪ: ಅಕ್ಕಾ, ನನ್ನ ಮಗನಿಗೆ ಆಟಿಸಂ. ಮುಟ್ಟಿದರೆ ಕಿರುಚುತ್ತಾನೆ. ಯಾವ ಕೈ ಹಿಡಿಯಲಿ? ನಿಮ್ಮ ಮಗಳಿಗೆ ಆದದ್ದು ಎಲ್ಲರಿಗೂ ಆಗಬೇಕಾ?

ಕುಂಬಳೆಯ ಅಕ್ಕ: ನಾನೂ ಅದನ್ನೇ ಕೇಳುತ್ತಿದ್ದೇನೆ. ‘ಕಾರ್ಡೇ ಮಾಡಿ’ ಅಂದದ್ದು ನೀವು.

ಎಣ್ಮಕಜೆಯ ಅಣ್ಣ: ಇಬ್ಬರೂ ಭಾಷೆಯ ಮಾತು ಎತ್ತಲಿಲ್ಲ. ನನ್ನ ತಮ್ಮನಿಗೆ 32. ನಮ್ಮ ಕಾಸರಗೋಡಲ್ಲಿ ಶಾಲೆಯ ಟೀಚರ್ ಮಲಯಾಳದಲ್ಲಿ ‘ಕೈ ಕಳುಗು’, ಮನೆಯಲ್ಲಿ ನಾವು ‘ಕೈ ತೊಳಿ’, ಪಕ್ಕದ ಮನೆಯವರು ತುಳುವಿನಲ್ಲಿ ‘ಕೈ ದೆಕ್ಕ್’. ಅವನಿಗೆ ಅದು ಮೂರು ಬೇರೆ ಕೆಲಸ. ಎಂಟು ವರ್ಷ ಹಾಳಾಯಿತು. ಕೊನೆಗೆ ಎಲ್ಲರೂ ‘ಕೈ ತೊಳಿ’ ಒಂದೇ ಹೇಳುವುದು ಅಂತ ಮಾಡಿದೆವು. ಅಮ್ಮ ಮೊಬೈಲಲ್ಲಿ ಬೆಳಗಿನದ್ದೆಲ್ಲ ರೆಕಾರ್ಡ್ ಮಾಡಿದರು. ‘ಪುಟ್ಟಾ, ಪೇಸ್ಟ್ ಹಾಕು.’ ಮಧ್ಯೆ ಖಾಲಿ. ‘ಪುಟ್ಟಾ, ಈಗ ಮೇಲಿನ ಹಲ್ಲು.’ ಅಮ್ಮ ತೀರಿಕೊಂಡು ಮೂರು ವರ್ಷವಾಯಿತು. ಈಗಲೂ ಅದನ್ನು ಹಾಕಿದರೆ ತಾನೇ ಎಲ್ಲ ಮುಗಿಸಿ ಬರುತ್ತಾನೆ. ಬಚ್ಚಲು ಕೂಡ ಮೆಟ್ಟಿಲಿಲ್ಲದ ಹಾಗೆ ಮಾಡಿಸಿದ್ದೇವೆ. ಗೇರು ತೋಟಕ್ಕೆ ಹೊಡೆದ ಎಂಡೋಸಲ್ಫಾನ್ ಕೀಟನಾಶಕದಿಂದ ತೊಂದರೆಯಾದವರಿಗೆ ಕೊಡಬೇಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ 5 ಲಕ್ಷ ಪರಿಹಾರದಲ್ಲಿ ಆದದ್ದು ಅದೊಂದೇ.

ಬದಿಯಡ್ಕದ ಅಪ್ಪ: ನಿಮಗೆ ಸಿಕ್ಕಿತು. ನಮ್ಮ ಮನೆಯಿಂದಲೂ ಗೇರು ತೋಟ ಕಾಣುತ್ತದೆ. 2000ದವರೆಗೆ ಆ ಮದ್ದು ಹೊಡೆಯುವ ಹೆಲಿಕಾಪ್ಟರ್ ನಮ್ಮ ಬಾವಿಯ ಮೇಲೂ ಹಾರಿದೆ. ಮಗ ಆಮೇಲೆ ಹುಟ್ಟಿದವನು, ಪರಿಹಾರದ ಪಟ್ಟಿಯಲ್ಲಿ ಹೆಸರಿಲ್ಲ.

ಎಣ್ಮಕಜೆಯ ಅಣ್ಣ: ಸಿಕ್ಕಿತು ಅಂತ ಸುಲಭಕ್ಕೆ ಹೇಳಬೇಡಿ. ಕ್ಯಾಂಪ್, ಸರ್ಟಿಫಿಕೇಟ್ ಅಂತ ಅಮ್ಮ ಎಷ್ಟು ಸಲ ಅವನನ್ನು ಎತ್ತಿಕೊಂಡು ಹೋಗಿದ್ದಾರೆ, ನನಗೆ ಗೊತ್ತು.

ಕುಂಬಳೆಯ ಅಕ್ಕ: ಆ ಜಗಳ ಇಲ್ಲಿ ಬೇಡ. ಅಣ್ಣಾ, ಬೇಸರ ಮಾಡಬೇಡಿ. ಆದರೆ ರೆಕಾರ್ಡಿಂಗ್ ಕಡಿಮೆ ಮಾಡುತ್ತಾ ಬರಬೇಕಲ್ವಾ? ಇಲ್ಲದಿದ್ದರೆ ಜೀವಮಾನವಿಡೀ ಅದಕ್ಕೇ ಕಾಯುತ್ತಾನೆ.

ಎಣ್ಮಕಜೆಯ ಅಣ್ಣ: ಥೆರಪಿಯವರೂ ಅದನ್ನೇ ಹೇಳಿದರು. ಎರಡು ಮಾತು ತೆಗೆದು ನೋಡಿದೆ. ಅವನು ಹಲ್ಲುಜ್ಜುವುದು ಬಿಟ್ಟು ಮೊಬೈಲ್ ಕಿವಿಗೆ ಒತ್ತಿ ಹಿಡಿದು ಕೂತ. ಮತ್ತೆ ಹಾಕಿದೆ. ಇನ್ನು ತೆಗೆಯುವುದಿಲ್ಲ. ಮೂರು ಕಡೆ ಕಾಪಿ ಇಟ್ಟಿದ್ದೇನೆ.

ಮುಳ್ಳೇರಿಯದ ಅಮ್ಮ: ಅಣ್ಣಾ, ಎರಡು ಮಾತಿನ ಮಧ್ಯೆ ಎಷ್ಟು ಹೊತ್ತು ಖಾಲಿ ಬಿಟ್ಟಿದ್ದಾರೆ ಅಮ್ಮ?