ಹುಸೇನ್ ಸಾಗರದ ಬುದ್ಧ: ಪುತ್ಥಳಿಯೋ, ವಿಗ್ರಹವೋ, ಬೊಂಬೆಯೋ?

ದಾವಣಗೆರೆಯ ನಮ್ಮ ಬಡಾವಣೆಯ ಗೋಡೆಪತ್ರಿಕೆಯಲ್ಲಿ ಹೈದರಾಬಾದಿನ ಹುಸೇನ್ ಸಾಗರ ಕೆರೆಯ ಬುದ್ಧನ ಚಿತ್ರ ಅಂಟಿಸಿ, ಕೆಳಗೆ ‘ಬುದ್ಧನ ಪುತ್ಥಳಿ’ ಎಂದು ಬರೆದಿದ್ದೆ. ಮರುದಿನ ನೋಡಿದರೆ ನಿವೃತ್ತ ಮೇಷ್ಟ್ರೊಬ್ಬರು ಪೆನ್ಸಿಲಿನಲ್ಲಿ ‘ಪುತ್ಥಳಿ’ ಹೊಡೆದುಹಾಕಿ ‘ವಿಗ್ರಹ’ ಎಂದು ತಿದ್ದಿದ್ದರು. ನಮ್ಮವ್ವ ಎರಡನ್ನೂ ಓದಿ, “ಬುದ್ಧನ ಬೊಂಬೆ ಅಂದ್ರೆ ಸಾಕಲ್ಲ, ಎಲ್ಲಾರ್ಗೂ ತಿಳಿತೈತಿ” ಅಂದಳು.

ವಿಗ್ರಹ ಎಂಬುದು ನನಗೆ ಒಪ್ಪಿಗೆಯಾಗದು. ಜೊತೆಗೆ ಬರುವ ಕ್ರಿಯಾಪದ ನೋಡಿ: ವಿಗ್ರಹವನ್ನು ಪ್ರತಿಷ್ಠಾಪಿಸುತ್ತೇವೆ, ಪ್ರತಿಮೆಯನ್ನು ಅನಾವರಣ ಮಾಡುತ್ತೇವೆ. ಒಂದಕ್ಕೆ ಅಭಿಷೇಕ, ನೈವೇದ್ಯ. ಇನ್ನೊಂದಕ್ಕೆ ಜಯಂತಿಯ ದಿನ ಹಾರ. ಈ ಬುದ್ಧನದು ಸುಮಾರು 18 ಮೀಟರು ಎತ್ತರದ ಒಂದೇ ಕಲ್ಲು. 1990ರಲ್ಲಿ ಬಾರ್ಜಿನ (ಸರಕು ದೋಣಿಯ) ಮೇಲೆ ಸಾಗಿಸುವಾಗ ವಾಲಿ ನೀರುಪಾಲಾಯಿತು, ಜೀವಗಳೂ ಹೋದವು. ಎರಡು ವರ್ಷಕ್ಕೂ ಹೆಚ್ಚು ಕಾಲ ತಳದಲ್ಲಿದ್ದು, 1992ರಲ್ಲಿ ಮೇಲೆ ಬಂದು ಕೆರೆಯ ನಡುವಿನ ಬಂಡೆಯ ಮೇಲೆ ನಿಂತಿತು. ಅದೇ ನೀರಿಗೆ ಜನ ಗಣಪತಿಯನ್ನೂ ಬಿಡುತ್ತಾರೆ. ‘ಗಣಪತಿ ಬಿಟ್ವಿ’ ಅನ್ನುತ್ತೇವೆ, ‘ಗಣಪತಿ ಮುಳುಗಿದ’ ಅನ್ನುವುದಿಲ್ಲ. ಬುದ್ಧ ಮಾತ್ರ ಮುಳುಗಿದ. ಮೇಷ್ಟ್ರು ಇದನ್ನು ಒಪ್ಪಲಿಲ್ಲ. ಕೈಮುಗಿಯುವವರು ಇರುವ ತನಕ ಅದು ವಿಗ್ರಹವೇ ಎನ್ನುತ್ತಾರೆ.

‘ಶಿಲ್ಪ’ ಎಂದರೆ ತಪ್ಪಿಲ್ಲ. ಶಿಲ್ಪಕ್ಕೆ ಕುಶಲಕಲೆ ಎಂಬ ಅರ್ಥ, ಶಿಲೆಯ ನಂಟು ಬೇಕಿಲ್ಲ. ಆದರೆ ಎದುರಿಗೆ ನಿಂತ ಮೂರ್ತಿಯನ್ನು ತೋರಿಸಿ ಯಾರೂ ‘ಶಿಲ್ಪ ನೋಡ್ರಿ’ ಅನ್ನುವುದಿಲ್ಲ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಪುತ್ಥಳಿ. ಸಂಸ್ಕೃತದ ‘ಪುತ್ತಲೀ’ ಎಂದರೆ ಬೊಂಬೆಯೇ! ಅಂದರೆ ನಾನು ಬರೆದದ್ದೂ ನಮ್ಮವ್ವ ಅಂದದ್ದೂ ಒಂದೇ. ಆದರೂ ನಾಯಕರ ಪುತ್ಥಳಿ ಎಂದರೆ ಗೌರವ, ನಾಯಕರ ಬೊಂಬೆ ಎಂದರೆ ಜಗಳ. ಈ ಅಂತರ ಕನ್ನಡದಲ್ಲಿ ಯಾವಾಗ ಬಂತು? ಮೂಲದಲ್ಲಿಲ್ಲದ ಮಹಾಪ್ರಾಣ, ಆ ಥಕಾರದ ಒತ್ತು, ಎಲ್ಲಿಂದ ಬಂತು? ಅಪ್ಪಟ ಚಿನ್ನಕ್ಕೆ ಹೇಳುವ ‘ಪುತ್ಥಳಿ ಬಂಗಾರ’ದ ಪುತ್ಥಳಿಯೂ ಇದೇ ಪದವೋ, ಬೇರೆಯೋ?

ಜೊತೆಗೇ ಇನ್ನೊಂದು. ಚಿತ್ರದ ಕೆಳಗೆ ‘ಊರಿನ ಹೆಗ್ಗುರುತು’ ಎಂದೂ ಬರೆದಿದ್ದೆ. ಕುಂದವಾಡ ಕೆರೆಗೆ ದಾರಿ ಕೇಳಿದರೆ ನಮ್ಮಲ್ಲಿ “ಗಾಜಿನ ಮನೆ ಗುರ್ತು ಇಟ್ಕೊಂಡು ಹೋಗ್ರಿ” ಅನ್ನುತ್ತಾರೆ. ಹೆಗ್ಗುರುತನ್ನು ಬಾಯಿಮಾತಿನಲ್ಲಿ ನಾನು ಕೇಳಿಲ್ಲ. ನಿಮ್ಮ ಕಡೆ ಆಡುಮಾತಿನಲ್ಲಿ ಇದೆಯೇ? ಇದ್ದರೆ ಊರಿನ ಹೆಸರನ್ನೂ ಆ ವಾಕ್ಯವನ್ನೂ ಕೇಳಿದ ಹಾಗೆಯೇ ಬರೆಯಿರಿ.