ಇದು ಮಾತ್ರೆ ಅಲ್ಲ, ಸಪ್ಲಿಮೆಂಟು!

ಪಾರ್ಕಿನ ಕಲ್ಲುಬೆಂಚಿನ ಮೇಲೆ ನಮ್ಮ ಸಭೆ ಸೇರಿತ್ತು. ಎಲ್ಲರಿಗೂ ಅರವತ್ತು ದಾಟಿದೆ. ಇವತ್ತಿನ ವಿಷಯ ಸರೋಜಳ ವಸಡು.

"ಡಾಕ್ಟರು ವಸಡಿನ ಒಳಗೆಲ್ಲ ಕೆರೆದು ಕ್ಲೀನ್ ಮಾಡಬೇಕು ಅಂದ್ರು. ಯಾಕೆ ಬೇಕು? ಇವಿದಾವಲ್ಲ!" ಎಂದು ಬ್ಯಾಗಿನಿಂದ ಡಬ್ಬಿಗಳನ್ನು ತೆಗೆದು ಸಾಲಾಗಿ ಜೋಡಿಸಿದಳು. ಕ್ಯಾಲ್ಸಿಯಂ, ವಿಟಮಿನ್ ಸಿ, ಮೀನೆಣ್ಣೆ ಕ್ಯಾಪ್ಸೂಲ್.

"ಮೀನೆಣ್ಣೆನಾ? ಮೊಟ್ಟೆ ಹಾಕಿದ ಕೇಕನ್ನೇ ಮುಟ್ಟದವಳು ನೀನು!" ಎಂದಳು ಪದ್ಮ.

"ಔಷಧಿಗೆ ಮಡಿ ಇಲ್ಲ ಕಣೇ."

ವಿಮಲ ರಿಟೈರ್ಡ್ ನರ್ಸು. "ರಕ್ತ ತೆಳು ಮಾಡೋ ಮಾತ್ರೆ ತಗೊಳ್ತೀಯಲ್ಲ? ಅದರ ಜೊತೆ ಮೀನೆಣ್ಣೆ ಜಾಸ್ತಿಯಾದ್ರೆ ರಕ್ತ ನಿಲ್ಲೋದು ನಿಧಾನ ಆಗಬಹುದು. ಹಲ್ಲಿನ ಡಾಕ್ಟರಿಗೆ ಹೇಳಿದ್ಯಾ?"

"ಏನೇನು ಮಾತ್ರೆ ತಗೊಳ್ತೀರಿ ಅಂತ ಕೇಳಿದ್ರು. ಇದು ಮಾತ್ರೆ ಅಲ್ಲ, ಸಪ್ಲಿಮೆಂಟು!"

ವಿಮಲ ಹಣೆ ಚಚ್ಚಿಕೊಂಡಳು. "ಹಲ್ಲಿನ ಪಾಚಿ ಕಲ್ಲಾಗಿ ಕೂತಿದೆ. ಯಾವ ಗುಳಿಗೆ ನುಂಗಿದ್ರೂ ಅದು ಕರಗಲ್ಲ. ಕೆರೆದೇ ತೆಗೀಬೇಕು."

"ಕೆರೆಸಿದ್ರೆ ಹಲ್ಲು ಅಲ್ಲಾಡುತ್ತಂತೆ," ಪದ್ಮ ಮೆಲ್ಲಗೆ ಅಂದಳು.

"ಮೊದಲೇ ಅಲ್ಲಾಡ್ತಿದ್ದ ಹಲ್ಲನ್ನ ಆ ಕಲ್ಲು ಹಿಡಿದಿಟ್ಟಿರುತ್ತೆ. ಕಳ್ಳನೇ ಕಾವಲು ಕೂತ ಹಾಗೆ!"

"ವಿಟಮಿನ್ ಸಿ ಇಲ್ಲದಿದ್ರೆ ವಸಡಲ್ಲಿ ರಕ್ತ ಬರುತ್ತೆ ಅಂತ ಸ್ಕೂಲಲ್ಲಿ ಓದಿಲ್ವಾ?" ಸರೋಜ ಬಿಡಲಿಲ್ಲ.

"ಅದು ತಿಂಗಳುಗಟ್ಟಲೆ ಹಣ್ಣು, ತರಕಾರಿ ಕಾಣದ ಹಡಗಿನವರಿಗೆ. ನಿಂಗೆ ಚಿತ್ರಾನ್ನಕ್ಕೆ ಎರಡು ನಿಂಬೆಹಣ್ಣು ಬೇಕು!"

"ಹಾಗಾದ್ರೆ ಕ್ಯಾಲ್ಸಿಯಮ್ಮೂ ದಂಡವಾ?"

"ದಂಡ ಅಂದ್ನಾ? ಮುಟ್ಟು ನಿಂತ ಮೇಲೆ ಮೂಳೆ ಸವೆಯುತ್ತೆ, ದವಡೆಯದೂ ಸೇರಿ. ಐಸಿಎಂಆರ್ ಅನ್ನೋ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ 2020ರಲ್ಲಿ ಹೇಳಿದ ಹಾಗೆ ನಮ್ಮಂಥವರಿಗೆ ದಿನಕ್ಕೆ 1,200 ಮಿಲಿಗ್ರಾಂ ಬೇಕು. ರಾಗಿ, ಹಾಲು, ಮೊಸರಲ್ಲಿ ಸಿಗದಷ್ಟನ್ನ ಗುಳಿಗೆ ತುಂಬಲಿ. ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇರಲಿ."

ಸರೋಜ ಎರಡನ್ನೂ ಬೆಳಗಿನ ಕಾಫಿಯಲ್ಲೇ ಒಟ್ಟಿಗೆ ಇಳಿಸುತ್ತಾಳೆ. ಯಾರೂ ಬಾಯಿ ಬಿಡಲಿಲ್ಲ. ನನ್ನ ಕೇಳಿದರೆ, ಹಲ್ಲಿನ ಡಾಕ್ಟರ ಕುರ್ಚಿಯ ಭಯಕ್ಕೇ ಅರ್ಧ ಡಬ್ಬಿಗಳು ಮಾರಾಟವಾಗುತ್ತವೆ.

ಅಷ್ಟರಲ್ಲಿ ಪದ್ಮ, "ನಂಗೆ ವಿಟಮಿನ್ ಡಿ ಪುಡಿ ಕೊಟ್ಟಿದಾರೆ. 60,000 ಯೂನಿಟ್. ವಾರಕ್ಕೊಂದು ಅಂದಿದ್ರು, ಬೇಗ ವಾಸಿಯಾಗಲಿ ಅಂತ ದಿನಾ ಹಾಲಿಗೆ..." ಎಂದಳು.

ವಿಮಲ ದಡಕ್ಕನೆ ಎದ್ದಳು. "ಎಷ್ಟು ದಿನದಿಂದ?"

"ನಿನ್ನೆ ಶುರು."

"ಸದ್ಯ! ಇನ್ನು ಮುಟ್ಟಬೇಡ. ನಡೀರಿ ಇಬ್ಬರೂ ಡಾಕ್ಟರ ಹತ್ರ."

ಸರೋಜ ಡಬ್ಬಿಗಳನ್ನು ಬ್ಯಾಗಿಗೆ ತುಂಬುತ್ತಾ ಅಂದಳು: "ಮೊದಲು ಪದ್ಮಂದು ಆಗಲಿ. ಪಾಪ, ಅವಳದೇ ಅರ್ಜೆಂಟು."