ಲಾಲ್‌ಬಾಗ್‌ನಲ್ಲಿ ವಲಸೆ ಹಕ್ಕಿಗಳನ್ನು ಎಲ್ಲಿ ಹುಡುಕಬೇಕು?

ಜಯನಗರ ವಾಕರ್:
ಎಲ್ಲರಿಗೂ ನಮಸ್ಕಾರ. ಮಗಳು 8×42 ಬೈನಾಕ್ಯುಲರ್ ಕೊಡಿಸಿದ್ದಾಳೆ. ದಸರಾ ಮುಗಿದ ಮೇಲೆ ದಿನಾ ಬೆಳಿಗ್ಗೆ ಲಾಲ್‌ಬಾಗ್‌ಗೆ ಹೋಗುತ್ತಿದ್ದೇನೆ. ಹದ್ದು, ಗಿಳಿ, ಮೈನಾ, ಕೆರೆಯಲ್ಲಿ ನೀರುಕಾಗೆ ಬಿಟ್ಟರೆ ಬೇರೇನೂ ಕಾಣುತ್ತಿಲ್ಲ. ಹಿಮಾಲಯದ ಕಡೆಯಿಂದ ಹಕ್ಕಿಗಳು ಬರುತ್ತವೆ ಅಂತಾರಲ್ಲ, ಅವು ಎಲ್ಲಿರುತ್ತವೆ?

ಏರಿ ಮೇಲಿನ ಹಕ್ಕಿ:
ಸರ್, ಬಹುಶಃ ನಿಮ್ಮ ತಲೆ ಮೇಲೇ ಇವೆ. ವಲಸೆ ಅಂದ ಕೂಡಲೇ ನಾವು ಬಾತು, ಕೊಕ್ಕರೆ ಅಂತ ದೊಡ್ಡದನ್ನೇ ಹುಡುಕುತ್ತೇವೆ. ಲಾಲ್‌ಬಾಗ್‌ಗೆ ಈಗ ಬಂದಿರುವವು ಜಾಸ್ತಿ ಪಾಲು ಸಣ್ಣವು, ಎಲೆ ಮರೆಯಲ್ಲಿ ಓಡಾಡುವವು. ಕಣ್ಣಿಗಿಂತ ಮೊದಲು ಕಿವಿ ಹಚ್ಚಿ.

ಮಳೆಮರದ ಕೆಳಗೆ ಸುಮ್ನೆ ನಿಂತುಕೊಳ್ಳಿ. ಮೇಲಿಂದ ಚುರುಕಾಗಿ 'ಚಿಸ್‌ವೀ' ಅಂತ ಕೇಳಿಸಿದರೆ ಅದು ಗ್ರೀನಿಶ್ ವಾರ್ಬ್ಲರ್, ಒಂದು ಜಾತಿಯ ಉಲಿಯಕ್ಕಿ. ತೂಕ ಹತ್ತು ಗ್ರಾಂ ಕೂಡ ಇಲ್ಲ. ಹಿಮಾಲಯದಲ್ಲಿ, ಅದಕ್ಕೂ ಉತ್ತರಕ್ಕೆ ಮರಿ ಮಾಡಿ, ರಾತ್ರಿ ಹೊತ್ತು ಹಾರಿಕೊಂಡು ಇಲ್ಲಿಗೆ ಬರುತ್ತದೆ. ಬಂದಮೇಲೆ ಒಂದಷ್ಟು ಮರಗಳನ್ನು ತನ್ನದು ಅಂತ ಮಾಡಿಕೊಂಡು ಚಳಿಗಾಲವಿಡೀ ಕಾಯುತ್ತದೆ. ಆ ಕೂಗು ಪಕ್ಕದ ಹಕ್ಕಿಗೆ ಎಚ್ಚರಿಕೆ. ಬೆನ್ನು ಮಾಸಲು ಹಸಿರು, ಹೊಟ್ಟೆ ಬಿಳಿಚು, ಕಣ್ಣಿನ ಮೇಲೆ ಉದ್ದನೆಯ ತಿಳಿ ಹುಬ್ಬು. ಎಲೆಯ ಅಡಿಭಾಗಕ್ಕೆ ಕತ್ತು ಚಾಚಿ ಹುಳ ಹೆಕ್ಕಿ, ನೀವು ಫೋಕಸ್ ಮಾಡುವಷ್ಟರಲ್ಲಿ ಬೇರೆ ಕೊಂಬೆಗೆ ಹೋಗಿರುತ್ತದೆ. ನನಗಂತೂ ಈ ಕೂಗು ಕೇಳಿದಾಗಲೇ ಚಳಿಗಾಲ ಶುರುವಾಯಿತು ಅನ್ನಿಸುವುದು.

ಕತ್ತಲಿರುವಾಗಲೇ ಹೋಗಬೇಕಿಲ್ಲ. ಮರದ ತುದಿಗೆ ಬಿಸಿಲು ಬೀಳಲಿ, ಹುಳಗಳು ಎದ್ದಮೇಲೆ ಇವೂ ಚುರುಕಾಗುತ್ತವೆ. ಒಣಕೊಂಬೆ ಮೇಲೆ ನೆಟ್ಟಗೆ ಕೂತು, ಹಾರಿ ನೊಣ ಹಿಡಿದು, ಆಗಾಗ ಅದೇ ಕೊಂಬೆಗೆ ವಾಪಸ್ ಬರುವ ದೊಡ್ಡ ಕಣ್ಣಿನ ಕಂದು ಹಕ್ಕಿ ಬ್ರೌನ್ ಫ್ಲೈಕ್ಯಾಚರ್ ಇರಬಹುದು. ಕೆರೆ ಅಂಚಿನಲ್ಲಿ ಬೂದು ಸಿಪಿಲೆ (ಗ್ರೇ ವ್ಯಾಗ್‌ಟೇಲ್) ಅನ್ನುವ ಹಕ್ಕಿ ನೋಡಿ, ಬಾಲ ಮೇಲೆ ಕೆಳಗೆ ಆಡಿಸುತ್ತದೆ. ಮರದ ನೆರಳಲ್ಲಿ ಬಾಲವನ್ನು ಅಕ್ಕಪಕ್ಕ ಆಡಿಸುವ ಸಿಪಿಲೆ ಕಂಡರೆ ನಿಮ್ಮ ಅದೃಷ್ಟ, ಅದು ಕಾಡುಸಿಪಿಲೆ.

ಕೂಗು ಕೇಳಿಸಿದರೆ ಹಕ್ಕಿಯ ಹೆಸರು ಹೇಳುವ ಮರ್ಲಿನ್ ಆ್ಯಪ್ ಬಳಸಿ, ತಪ್ಪೇನಿಲ್ಲ. ಆದರೆ ಅದು ಹೆಸರು ಹೇಳಿದ ಕೂಡಲೇ ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ತಾಣಕ್ಕೆ ಹಾಕಬೇಡಿ. ಹಕ್ಕಿಯನ್ನೊಮ್ಮೆ ನೋಡಿ.

ಬನಶಂಕರಿ:
ಒಬ್ಬರೇ ಹುಡುಕುವುದು ಕಷ್ಟ ಸರ್. ತಿಂಗಳ ಎರಡನೇ ಭಾನುವಾರ ಲಾಲ್‌ಬಾಗ್‌ನಲ್ಲಿ ಹಕ್ಕಿ ನೋಡುವವರು ಸೇರುವ ರೂಢಿ 1970ರ ದಶಕದಿಂದಲೂ ಇದೆ. ಹಳಬರ ಜೊತೆ ಒಂದು ಸುತ್ತು ನಡೆದರೆ ಕಿವಿ ಬೇಗ ಪಳಗುತ್ತದೆ.

ನನ್ನದೂ ಒಂದು ಪ್ರಶ್ನೆ, ಸ್ವಲ್ಪ ಅರ್ಜೆಂಟ್. ನಮ್ಮ ಅಪಾರ್ಟ್‌ಮೆಂಟ್ ಲಾಬಿಯ ಗಾಜಿನ ಹತ್ತಿರ ಹಸಿರು-ನೀಲಿ ಹಕ್ಕಿಯೊಂದು ಕೂತಿದೆ. ಬಾಲ ಮೋಟು, ಬುಡದಲ್ಲಿ ಕೆಂಪು. ಹತ್ತಿರ ಹೋದರೂ ಹಾರುತ್ತಿಲ್ಲ. ಏನು ಮಾಡಲಿ?

ಏರಿ ಮೇಲಿನ ಹಕ್ಕಿ:
ಅದು ನವರಂಗ. ದಕ್ಷಿಣಕ್ಕೆ ಹೋಗುವಾಗ ಸುಸ್ತಾಗಿ, ಇಲ್ಲವೇ ಗಾಜಿಗೆ ಬಡಿದು ಈ ತಿಂಗಳಲ್ಲಿ ಊರೊಳಗೆ ಹೀಗೆ ಸಿಗುತ್ತವೆ.

ಈಗಲೇ ಒಂದು ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಒಳಗೆ ಬಟ್ಟೆ ಹಾಸಿ. ಹಕ್ಕಿ ಮೇಲೆ ತೆಳು ಟವೆಲ್ ಹಾಕಿ ಮೆತ್ತಗೆ ಎತ್ತಿ ಒಳಗಿಟ್ಟು ಮುಚ್ಚಿ. ಬಾಯಿಗೆ ನೀರು ಬಿಡಬೇಡಿ, ಉಸಿರಿನ ದಾರಿಗೆ ಹೋಗುತ್ತದೆ. ಅನ್ನ, ಬ್ರೆಡ್ ಬೇಡವೇ ಬೇಡ, ಅದು ಹುಳ ತಿನ್ನುವ ಹಕ್ಕಿ. ಮಕ್ಕಳಿಗೆ ತೋರಿಸುವುದು, ಫೋಟೋ ತೆಗೆಯುವುದು ಕೂಡ ಬೇಡ ಅಕ್ಕ, ಹೆದರಿಕೆಗೇ ಸೋತುಹೋಗುತ್ತದೆ. ಗದ್ದಲ ಇಲ್ಲದ ಕಡೆ ಇಡಿ. ರೆಕ್ಕೆ ಜೋತಿದ್ದರೆ, ರಕ್ತ ಕಂಡರೆ, ಬೆಕ್ಕು ಬಾಯಿ ಹಾಕಿದ್ದರೆ ಕಾಯದೆ ವನ್ಯಜೀವಿ ರಕ್ಷಣೆಯವರಿಗೆ ಫೋನ್ ಮಾಡಿ.

ಒಂದೆರಡು ಗಂಟೆಯಲ್ಲಿ ಒಳಗೆ ಪಟಪಟ ಅಂದರೆ ಹತ್ತಿರದ ಪೊದೆ ಇರುವ ಕಡೆ ತಗೊಂಡು ಹೋಗಿ. ಕೈಯಿಂದ ಮೇಲಕ್ಕೆ ಹಾರಿಸಬೇಡಿ. ಪೆಟ್ಟಿಗೆಯನ್ನು ನೆಲದ ಮೇಲೆ ಓರೆಯಾಗಿಟ್ಟು ಮುಚ್ಚಳ ತೆಗೆದು ದೂರ ನಿಲ್ಲಿ, ತಾನೇ ಬರಲಿ. ತರಗೆಲೆ ಗುಡಿಸದೆ ಬಿಟ್ಟ ಜಾಗವಾದರೆ ಇನ್ನೂ ಒಳ್ಳೆಯದು, ಅದರ ಊಟ ಎಲೆ ಅಡಿಯಲ್ಲೇ ಇರುತ್ತದೆ.